ರಾಜ್ಯದ ಹೈಸ್ಪೀಡ್ ರೈಲು: ಮೊದಲು ಜಮೀನು, ಆಮೇಲೆ ಟೆಂಡರ್

ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಹೈಸ್ಪೀಡ್ ರೈಲಿಗೆ ಜಮೀನು ಬಿಡಿಸಿಕೊಡುವ ಕೆಲಸ ಮಾಡಿದವನು ನಾನು. ಸೇತುವೆ ಕಟ್ಟಿಲ್ಲ, ಹಳಿ ಹಾಕಿಲ್ಲ. ನನ್ನ ಮುಂದೆ ಇದ್ದದ್ದು ಒಂದು ಎಕ್ಸೆಲ್ ಶೀಟು, ಅದರ ತುಂಬ ಪಾರ್ಸೆಲ್ ನಂಬರುಗಳು, ಅಂದರೆ ಒಂದೊಂದು ತುಂಡು ಜಮೀನಿನ ನಂಬರು. ಒಂದು ರಾಜ್ಯ ಇಂಥ ಯೋಜನೆಗೆ ಕೈ ಹಾಕುವುದಾದರೆ ಎಲ್ಲಿಂದ ಶುರು ಮಾಡಬೇಕು ಎಂದು ಯಾರಾದರೂ ಕೇಳಿದರೆ, ಆ ಕುರ್ಚಿಯಲ್ಲಿ ಕೂತು ಕಲಿತದ್ದನ್ನೇ ಹೇಳುತ್ತೇನೆ.

ಅಂದಾಜು ವೆಚ್ಚ ಕೈಗೆ ಬಂದ ಕೂಡಲೇ ಒಂದು ಪ್ರಶ್ನೆ ಕೇಳಿ: ಇದು ಯಾವ ವರ್ಷದ ಡಾಲರ್? 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸ್ ಕಡೆಗಿನ ಮಾರ್ಗಕ್ಕೆ ಸುಮಾರು 33 ಬಿಲಿಯನ್ ಡಾಲರ್ ಎಂದಿದ್ದರು (ಒಂದು ಬಿಲಿಯನ್ ಅಂದರೆ ನೂರು ಕೋಟಿ). 2011ರ ಕೊನೆಗೆ ಬಂದ ಕರಡು ಯೋಜನೆಯಲ್ಲಿ ಅದು 98.5 ಬಿಲಿಯನ್. ಮೂರು ಪಟ್ಟು ಆಯಿತು ಅಂತ ಎಲ್ಲರೂ ಬೊಬ್ಬೆ ಹಾಕಿದರು. ಬೆಲೆ ಏರಿದ್ದು ನಿಜ. ಆದರೆ 98.5 ಎನ್ನುವುದು ಮುಂದೆ ಖರ್ಚು ಆಗುವ ವರ್ಷಗಳ ಬೆಲೆಯಲ್ಲಿ ಹಾಕಿದ ಲೆಕ್ಕ. ಅದನ್ನೇ 2010ರ ಬೆಲೆಗೆ ಇಳಿಸಿದರೆ 65.4. ಅದಕ್ಕೇ ಶೀಟಿನಲ್ಲಿ ಮೊದಲ ದಿನದಿಂದಲೇ ಎರಡು ಕಾಲಂ ಇಡಿ, ಜನರಿಗೂ ಎರಡನ್ನೂ ಒಟ್ಟಿಗೆ ತೋರಿಸಿ. ಒಂದನ್ನು ಬಚ್ಚಿಟ್ಟರೆ ನಾಲ್ಕು ವರ್ಷ ಬಿಟ್ಟು ಅದೇ ನಿಮ್ಮ ಮೇಲೆ ಬೀಳುತ್ತದೆ.

ಆಮೇಲೆ ಇರುವ ಹಳಿಯನ್ನೇ ಹಂಚಿಕೊಳ್ಳಲು ಆಗುತ್ತದಾ ನೋಡಿ. 2012ರಲ್ಲಿ ವೆಚ್ಚ 68.4 ಬಿಲಿಯನ್‌ಗೆ ಇಳಿದದ್ದಕ್ಕೆ ಮುಖ್ಯ ಕಾರಣ ಇದೇ. ಸ್ಯಾನ್ ಫ್ರಾನ್ಸಿಸ್ಕೋ ತುದಿಯಲ್ಲಿ ಪೂರ್ತಿ ಹೊಸ ದಾರಿ ಮಾಡುವ ಬದಲು ಅಲ್ಲಿನ ಲೋಕಲ್ ರೈಲಾದ ಕ್ಯಾಲ್‌ಟ್ರೇನ್ ಹಳಿಯಲ್ಲೇ ಓಡಿಸೋಣ ಎಂದರು. ಆ ಹಳಿಗೆ ಕರೆಂಟು ಬಂದು 2024ರ ಸೆಪ್ಟೆಂಬರ್‌ನಲ್ಲಿ ಲೋಕಲ್ ರೈಲುಗಳು ವಿದ್ಯುತ್ತಿನಲ್ಲಿ ಓಡತೊಡಗಿದವು. ಹೈಸ್ಪೀಡ್ ರೈಲು ಬರುವ ಮೊದಲೇ ದಿನಾ ಓಡಾಡುವವರಿಗೆ ಲಾಭ ಆಯಿತಲ್ವಾ?

ಈಗ ದುಡ್ಡು. 2008ರ ನವೆಂಬರ್‌ನಲ್ಲಿ ಪ್ರೊಪೊಸಿಷನ್ 1ಎ ಹೆಸರಿನಲ್ಲಿ ಮತದಾರರು 9.95 ಬಿಲಿಯನ್ ಡಾಲರ್ ಬಾಂಡ್‌ಗೆ ಒಪ್ಪಿಗೆ ಕೊಟ್ಟರು. ಅದರಲ್ಲಿ 9 ಬಿಲಿಯನ್ ಈ ರೈಲಿಗೆ, ಉಳಿದದ್ದು ಇದಕ್ಕೆ ಜೋಡಿಸುವ ಇತರ ರೈಲುಗಳಿಗೆ. ಬಾಂಡ್ ಅಂದರೆ ಸಾಲ, ಬಡ್ಡಿ ಸಮೇತ ರಾಜ್ಯದ ಬೊಕ್ಕಸದಿಂದಲೇ ತೀರಬೇಕು. ಷರತ್ತುಗಳೂ ಜೊತೆಗೇ ಬಂದವು: ಎರಡೂ ನಗರಗಳ ನಡುವೆ 2 ಗಂಟೆ 40 ನಿಮಿಷ, ರೈಲು ಓಡಿಸಲು ಸಬ್ಸಿಡಿ ಇಲ್ಲ, ಯಾವುದೇ ಭಾಗ ಕಟ್ಟುವ ಖರ್ಚಿನಲ್ಲಿ ಬಾಂಡ್ ಹಣ ಅರ್ಧ ಮೀರುವಂತಿಲ್ಲ. ಕೊನೆಯದು ಒಳ್ಳೆಯ ಷರತ್ತು, ಬೇರೆ ಕಡೆಯಿಂದ ದುಡ್ಡು ತರಲೇಬೇಕಾಗುತ್ತದೆ. ನಿಮಿಷಗಳನ್ನು ಕಾನೂನಿನಲ್ಲೇ ಬರೆದದ್ದು ಮಾತ್ರ ನನ್ನ ಪ್ರಕಾರ ತಪ್ಪು. ಆಮೇಲೆ ಕೋರ್ಟಿಗೆ ಹೋದವರ ಕೈಗೆ ಸಿಕ್ಕಿದ್ದು ಇಂಥ ಷರತ್ತುಗಳೇ.

ಬರುವ ಹಣವನ್ನೆಲ್ಲ ಒಂದೇ ಸಾಲಿನಲ್ಲಿ ಕೂಡಬೇಡಿ. ನಾನು ನಾಲ್ಕು ಬಣ್ಣ ಹಾಕುತ್ತಿದ್ದೆ: ಖಾತೆಗೆ ಬಂದದ್ದು, ಕಾನೂನು ಬದ್ಧವಾಗಿ ಬರಬೇಕಾದ್ದು, ಮಾತು ಕೊಟ್ಟದ್ದು, ಸುಮ್ನೆ ಆಸೆ. ಕೇಂದ್ರದ ಹಣ ಎರಡನೆಯದು ಅಂತ ಅನಿಸುತ್ತದೆ, ಆದರೆ ಆಡಳಿತ ಬದಲಾದರೆ ಬಣ್ಣವೂ ಬದಲಾಗುತ್ತದೆ. 2019ರಲ್ಲಿ ವಾಷಿಂಗ್ಟನ್ 929 ಮಿಲಿಯನ್ ಡಾಲರ್ (ಒಂದು ಮಿಲಿಯನ್ ಅಂದರೆ ಹತ್ತು ಲಕ್ಷ) ರದ್ದು ಮಾಡಿತು, 2021ರಲ್ಲಿ ವಾಪಸ್ ಕೊಟ್ಟಿತು, 2025ರಲ್ಲಿ ಸುಮಾರು 4 ಬಿಲಿಯನ್ ಹಿಂತೆಗೆದುಕೊಂಡಿತು.

ರಾಜ್ಯದ ಸ್ವಂತ ಆದಾಯವೂ ಏರಿಳಿಯುತ್ತದೆ. ಕಾರ್ಖಾನೆಗಳು ಹೊಗೆ ಬಿಡಲು ಹರಾಜಿನಲ್ಲಿ ಪರವಾನಗಿ ಕೊಳ್ಳುತ್ತವೆ. ಆ ಹಣದಲ್ಲಿ ನಾಲ್ಕನೇ ಒಂದು ಪಾಲು ರೈಲಿಗೆ ಎಂದು 2014ರಲ್ಲಿ ತೀರ್ಮಾನವಾಯಿತು. ಕೇಳಲು ಚೆಂದ. 2016ರ ಮೇ ಹರಾಜಿನಲ್ಲಿ ರಾಜ್ಯ ಮಾರಲು ಇಟ್ಟದ್ದನ್ನು ಕೊಳ್ಳುವವರೇ ಹೆಚ್ಚುಕಡಿಮೆ ಇರಲಿಲ್ಲ. ಇಂಥ ಹಣವನ್ನು ನಂಬಿ ಯಾರು ಸಾಲ ಕೊಡುತ್ತಾರೆ? 2025ರಲ್ಲಿ ಶಾಸಕಾಂಗ ಅದನ್ನು ಬದಲಿಸಿ, 2045ರ ತನಕ ವರ್ಷಕ್ಕೆ 1 ಬಿಲಿಯನ್ ಎಂದು ಗಟ್ಟಿ ಮಾಡಿತು. ನನ್ನನ್ನು ಕೇಳಿದರೆ ಶೇಕಡಾ ಲೆಕ್ಕದ ಪಾಲಿಗಿಂತ ಇಂತಿಷ್ಟು ಎಂಬ ಮೊತ್ತವನ್ನೇ ಕೇಳಿ, ಮೊತ್ತ ಸಣ್ಣದಾದರೂ ಪರವಾಗಿಲ್ಲ.

ಗಡುವು ಇರುವ ಹಣದ ಬಗ್ಗೆ ಇನ್ನೂ ಹುಷಾರಾಗಿರಿ. 2009ರ ಕೇಂದ್ರ ಉತ್ತೇಜನ ಹಣವನ್ನು 2017ರ ಸೆಪ್ಟೆಂಬರ್ ಒಳಗೆ ಖರ್ಚು ಮಾಡಲೇಬೇಕಿತ್ತು. ಹಾಗಾಗಿ 2013ರಲ್ಲೇ ಮೊದಲ ದೊಡ್ಡ ಗುತ್ತಿಗೆಗೆ ಸಹಿ ಬಿತ್ತು. ಬೇಕಾದ ಜಮೀನು ಆಗ ಕೈಯಲ್ಲಿ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ! ಜಮೀನು ಸಿಗುವ ತನಕ ಗುತ್ತಿಗೆದಾರ ಕಾಯುತ್ತಾನೆ, ಕಾದ ದಿನಕ್ಕೆಲ್ಲ ಬಿಲ್ ಕಳಿಸುತ್ತಾನೆ. 2018ರಲ್ಲಿ ರಾಜ್ಯದ ಆಡಿಟರ್ ಕೂಡ ಇದನ್ನೇ ಬರೆದರು.

ಜಮೀನು ಯಾಕೆ ತಡವಾಗುತ್ತದೆ? ನನ್ನ ಶೀಟಿನ ಒಂದೇ ಸಾಲು ತೋರಿಸುತ್ತೇನೆ. ಒಬ್ಬ ಬಾದಾಮಿ ಬೆಳೆಗಾರ, ವಯಸ್ಸಾದವರು. ಹಳಿ ಅವರ ತೋಟವನ್ನು ಓರೆಯಾಗಿ ಸೀಳಿಕೊಂಡು ಹೋಗುತ್ತಿತ್ತು. ನಾನು ಹಳಿಗೆ ಹೋಗುವ ಜಾಗವನ್ನು ಅಳೆದು, ಬೆಲೆ ಕಟ್ಟಿಸಿ, ಆಫರ್ ಪತ್ರ ಹಿಡಿದು ಹೋದೆ. ಅವರು ಪತ್ರ ಓದಲೂ ಇಲ್ಲ. ತೋಟದ ಮಧ್ಯಕ್ಕೆ ಕರೆದುಕೊಂಡು ಹೋಗಿ ಬೋರ್‌ವೆಲ್ ತೋರಿಸಿದರು. ಬೋರ್‌ವೆಲ್ ಹಳಿಯ ಈ ಕಡೆ, ಅರ್ಧಕ್ಕಿಂತ ಜಾಸ್ತಿ ಮರ ಆ ಕಡೆ. "ನೀರು ದಾಟೋದು ಹೇಗೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಶೀಟಿನಲ್ಲಿ ಪೈಪಿಗೆ ಕಾಲಂ ಇರಲಿಲ್ಲ.

ಅದಕ್ಕೆ ಹೇಳುತ್ತೇನೆ, ಬೆಲೆ ಕಟ್ಟುವ ಮೊದಲು ಒಂದು ಸಲ ತೋಟ ನಡೆದು ನೋಡಿ. ತೆಗೆದುಕೊಳ್ಳುವ ಜಾಗಕ್ಕಷ್ಟೇ ಅಲ್ಲ, ಉಳಿದ ತುಂಡುಗಳಿಗೆ ಆಗುವ ನಷ್ಟಕ್ಕೂ ದುಡ್ಡು ಇಡಿ. ಟ್ರಾಕ್ಟರ್ ತಿರುಗಿಸಲು ಜಾಗ, ಗೇಟು, ಕರೆಂಟು ಕಂಬ ಎಲ್ಲ ಬರೆದುಕೊಳ್ಳಿ. ಮಾಲೀಕರು ಒಪ್ಪದಿದ್ದರೆ ಅದು ರಾಜ್ಯದ ಪಬ್ಲಿಕ್ ವರ್ಕ್ಸ್ ಬೋರ್ಡ್ ಮುಂದೆ ಹೋಗುತ್ತದೆ, ಅಲ್ಲಿಂದ ಕೋರ್ಟಿಗೆ. ಒಂದೊಂದು ಮೆಟ್ಟಿಲಿಗೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ತಿಂಗಳುಗಳನ್ನೆಲ್ಲ ಎಣಿಸಿ, ಟೆಂಡರ್ ದಿನಾಂಕವನ್ನು ಅದರ ಆಚೆಗೆ ಹಾಕಿ.

ಕೊನೆಗೆ ಆ ತೋಟದ ನೀರಿಗೆ ಹಳಿಯ ಅಡಿಯಲ್ಲಿ ದಪ್ಪ ಉಕ್ಕಿನ ಕೊಳವೆ ಹಾಕಿ, ಅದರೊಳಗೆ ಪೈಪು ತೂರಿಸುವುದು ಎಂದಾಯಿತು. ಅಷ್ಟು ಹೊತ್ತಿಗೆ ಗುತ್ತಿಗೆಗೆ ಸಹಿ ಆಗಿತ್ತು. ಆ ಕೊಳವೆ ಗುತ್ತಿಗೆಯಲ್ಲಿ ಇರಲಿಲ್ಲ, ಬೇರೆಯದೇ ಬಿಲ್ ಬಂತು.