ಮೈನಸ್ 18ರ ಪೆಟ್ಟಿಗೆ: ಮಂಗಳೂರಿನಿಂದ ಮೀನು ಕಳಿಸುವವನ ಅನುಭವ

ಸೀಫುಡ್ ರಫ್ತಿಗೆ ಹೊಸದಾಗಿ ಇಳಿಯುವವರು ನನ್ನಲ್ಲಿ ಮೊದಲು ಕೇಳುವುದು ಫ್ರೈಟ್ (ಸಾಗಣೆ ಬಾಡಿಗೆ) ಎಷ್ಟು ಅಂತ. ನಾನು ತಿರುಗಿ ಕೇಳುವುದು, ನಿಮ್ಮ ಕೋಲ್ಡ್ ಸ್ಟೋರೇಜಿನ ಬಾಗಿಲಿಂದ ಕಂಟೇನರ್ ಬಾಗಿಲಿಗೆ ಎಷ್ಟು ಹೆಜ್ಜೆ, ಅಲ್ಲಿ ಬಿಸಿಲು ಬೀಳುತ್ತದಾ ಅಂತ. ಮಂಗಳೂರಿನ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ಲೋಡಿಂಗೂ ಕಾಗದಪತ್ರವೂ ಎರಡೂ ನನ್ನ ತಲೆ ಮೇಲೆಯೇ. ನಡುಗಡಲಿನಲ್ಲಿ ಹಾಳಾದ ಸರಕಿಗಿಂತ ನಮ್ಮ ಅಂಗಳದಲ್ಲೇ ಹಾಳಾಗಲು ಶುರುವಾದ ಸರಕನ್ನೇ ನಾನು ಹೆಚ್ಚು ಕಂಡಿದ್ದೇನೆ.

ರೀಫರ್ ಕಂಟೇನರ್, ಅಂದರೆ ಹಡಗಿನಲ್ಲಿ ಹೋಗುವ ತಂಪು ಪೆಟ್ಟಿಗೆ, ಒಂದು ದೊಡ್ಡ ಫ್ರೀಜರ್ ಅಂತ ತುಂಬ ಜನ ತಿಳಿದಿದ್ದಾರೆ. ಅದರ ಮೆಷಿನ್‌ಗೆ ತಂಪಾಗಿ ಬಂದದ್ದನ್ನು ತಂಪಾಗಿ ಇಡುವಷ್ಟೇ ತಾಕತ್ತು. ಮೈನಸ್ 10ರಲ್ಲಿ ತುಂಬಿದ ಬೊಂಡಾಸನ್ನು (ಸ್ಕ್ವಿಡ್) ಮೈನಸ್ 18ಕ್ಕೆ ಇಳಿಸಲು ಅದಕ್ಕೆ ದಿನಗಟ್ಟಲೆ ಬೇಕು. ನಟ್ಟನಡುವಿನ ಕಾರ್ಟನ್‌ಗೆ ಚಳಿ ಮುಟ್ಟುವ ಹೊತ್ತಿಗೆ ಹಡಗು ಕೊಲಂಬೊ ದಾಟಿದರೂ ದಾಟಿರಬಹುದು. ಹಾಗಾಗಿ ಪ್ಲೇಟ್ ಫ್ರೀಜರಿನಲ್ಲಿ ಮೈನಸ್ 40ರ ಆಸುಪಾಸಿನಲ್ಲಿ ಗಟ್ಟಿಯಾದ ಮೀನಿನ ಬ್ಲಾಕ್ ಕೋಲ್ಡ್ ಸ್ಟೋರೇಜಿನಲ್ಲಿ ಸರಿಯಾಗಿ ಕೂತು, ಒಳಗಿನವರೆಗೂ ಮೈನಸ್ 18 ಅಥವಾ ಅದಕ್ಕಿಂತ ಕೆಳಗಿದೆ ಅಂತ ಖಾತ್ರಿಯಾಗುವವರೆಗೆ ನಾನು ಲಾರಿ ಕರೆಸುವುದಿಲ್ಲ.

ಖಾತ್ರಿ ಮಾಡುವುದು ಹೇಗೆ? ಗೋಡೆಯ ಡಿಸ್‌ಪ್ಲೇ ನೋಡಿ ಅಲ್ಲ, ಅದು ಗಾಳಿಯ ಉಷ್ಣತೆ. ಲಾಟಿನ ಬೇರೆಬೇರೆ ಕಡೆಯಿಂದ ಕಾರ್ಟನ್ ಎಳೆದು, ಕೋಲ್ಡ್ ರೂಮಿನ ಒಳಗೇ ನಿಂತು, ಎರಡು ಕಿಲೋ ಬ್ಲಾಕಿನ ನಡುವಿಗೆ ಡ್ರಿಲ್ಲಿನಿಂದ ತೂತು ಕೊರೆಯುತ್ತೇವೆ. ಬಿಳಿ ಹಿಟ್ಟಿನ ಹಾಗೆ ಮಂಜಿನ ಪುಡಿ ಉದುರುತ್ತದೆ. ತಕ್ಷಣ ಪ್ರೋಬ್ (ಥರ್ಮಾಮೀಟರಿನ ಕಡ್ಡಿ) ಇಳಿಸಿದರೆ ಡ್ರಿಲ್ಲಿನ ಬಿಸಿಯೇ ಅಂಕಿಯನ್ನು ಮೇಲೇರಿಸುತ್ತದೆ. ಪ್ರೋಬನ್ನು ಮೊದಲೇ ಇನ್ನೊಂದು ಬ್ಲಾಕಿನಲ್ಲಿ ತಣಿಸಿಟ್ಟು, ಇಲ್ಲಿ ಅಂಕಿ ಅಲುಗದೆ ನಿಲ್ಲುವವರೆಗೆ ಕಾಯಬೇಕು. ಕೈ ಮರಗಟ್ಟುತ್ತದೆ, ಆದರೂ ಈ ಕೆಲಸವನ್ನು ನಾನು ಇನ್ನೊಬ್ಬರಿಗೆ ಬಿಡುವುದಿಲ್ಲ.

ಜೂನ್, ಜುಲೈ ಎರಡು ತಿಂಗಳು ಬೋಟುಗಳಿಗೆ ರಜೆ. ಆಗಸ್ಟಿನಲ್ಲಿ ಬೋಟು ಇಳಿದು ಬೊಂಡಾಸ್, ಪಾಂಬೊಲ್, ಮದ್ಮಲ್ ಮೀನು ದಕ್ಕೆಗೆ (ಬೋಟಿನಿಂದ ಮೀನು ಇಳಿಸುವ ಕಟ್ಟೆಗೆ) ಬರತೊಡಗಿದರೆ ಎಲ್ಲರಿಗೂ ಒಟ್ಟಿಗೇ ಖಾಲಿ ರೀಫರ್ ಬೇಕು. ಆಗ ಸಿಕ್ಕಿದ ಡಬ್ಬವನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳುವ ಆಸೆಯಾಗುತ್ತದೆ. ಒಪ್ಪಬೇಡಿ. ಮೆಷಿನಿನ ತಪಾಸಣೆ ಆಗಿದೆ ಅನ್ನುವ ಪಿಟಿಐ ಸ್ಟಿಕ್ಕರಿನ ದಿನಾಂಕ ನೋಡಿ. ಆಮೇಲೆ ಒಳಗೆ ಹೋಗಿ, ಹೊರಗೊಬ್ಬರನ್ನು ನಿಲ್ಲಿಸಿ, ಬಾಗಿಲು ಹಾಕಿಸಿಕೊಳ್ಳಿ. ಕತ್ತಲೆಯಲ್ಲಿ ಎಲ್ಲಾದರೂ ಬೆಳಕಿನ ಗೆರೆ ಕಂಡರೆ ಬಾಗಿಲಿನ ರಬ್ಬರ್ ಹೋಗಿದೆ ಅಂತಲೇ ಅರ್ಥ. ಮೂಗಿಗೂ ಕೆಲಸ ಕೊಡಿ. ಹಿಂದಿನ ಟ್ರಿಪ್ಪಿನ ಬೆಳ್ಳುಳ್ಳಿ ವಾಸನೆ ಇರುವ ಡಬ್ಬವನ್ನು ನಾನು ವಾಪಸ್ ಕಳಿಸಿದ್ದುಂಟು. "ಫ್ರೋಜನ್ ಮೀನಿಗೆ ವಾಸನೆ ಎಲ್ಲಿಂದ ಹಿಡೀತದೆ ಮಾರಾಯ್ರೆ?" ಅಂತ ಯಾರ್ಡಿನವರು ನಕ್ಕರು. ನಗಲಿ.

ಲೋಡಿಂಗ್ ಬಗ್ಗೆ ನನಗೆ ಹಟವೇ ಇದೆ. ಖಾಲಿ ಡಬ್ಬವನ್ನು ಮೊದಲೇ ತಣಿಸಿ ಇಡಿ ಅಂತ ಖರೀದಿದಾರರು ಕೇಳುತ್ತಾರೆ. ಮುಚ್ಚಿದ ಕೋಲ್ಡ್ ಡಾಕ್ ಇದ್ದವರು ಹಾಗೆ ಮಾಡಬಹುದು. ನಮ್ಮ ಕರಾವಳಿಯ ಹಸಿ ಗಾಳಿಯಲ್ಲಿ ತಣ್ಣಗಿನ ಡಬ್ಬದ ಬಾಗಿಲು ತೆರೆದರೆ ಗೋಡೆಯೆಲ್ಲ ಬೆವರಿ, ಆ ನೀರು ಕಾರ್ಟನ್ನಿಗೂ ಕೂಲಿಂಗ್ ಕಾಯಿಲ್‌ಗೂ ಹಿಡಿಯುತ್ತದೆ. ಹಾಗೆಯೇ ತುಂಬಿಸುವಾಗ ಮೆಷಿನ್ ಬಂದ್ ಇರಬೇಕು. ಓಡುತ್ತಿದ್ದರೆ ಅದರ ಫ್ಯಾನೇ ಹೊರಗಿನ ಬಿಸಿಗಾಳಿಯನ್ನು ಒಳಗೆ ಎಳೆಯುತ್ತದೆ. ನಾವು ಬೆಳಗಿನ ಜಾವ ಶುರುಮಾಡಿ ಬಿಸಿಲೇರುವ ಮೊದಲು ಮುಗಿಸುತ್ತೇವೆ. ಕಾರ್ಟನ್‌ಗಳು ಅಂಗಳದಲ್ಲಿ ಸಾಲುಗಟ್ಟಿ ಕಾಯಬಾರದು, ಕೋಲ್ಡ್ ರೂಮಿನಿಂದ ಬಂದದ್ದು ನೇರ ಒಳಗೇ ಹೋಗಬೇಕು. ತುಂಬುವ ಹುಡುಗರಿಗೆ ಚಹಾ ಕೊಡುವುದೂ ಬಾಗಿಲು ಹಾಕಿದ ಮೇಲೆಯೇ. ಈ ವಿಷಯಕ್ಕೆ ನನ್ನನ್ನು ಬೈದುಕೊಳ್ಳುತ್ತಾರೆ ಅಂತ ಗೊತ್ತಿದೆ.

ಡಬ್ಬದ ನೆಲದಲ್ಲಿ ಉದ್ದಕ್ಕೂ ಅಲ್ಯೂಮಿನಿಯಂ ಕಿರುಕಾಲುವೆಗಳಿವೆ. ತಣ್ಣನೆ ಗಾಳಿ ಆ ಕಾಲುವೆಗಳಲ್ಲಿ ಬಾಗಿಲಿನವರೆಗೆ ಹರಿದು, ಮೇಲೇರಿ, ಸರಕಿನ ತಲೆ ಮೇಲಿಂದ ಮೆಷಿನಿಗೆ ಮರಳುತ್ತದೆ. ಫ್ರೋಜನ್ ಸರಕಿನಲ್ಲಿ ಗಾಳಿ ಸರಕಿನ ಸುತ್ತ ಹೋದರೆ ಸಾಕು. ಅದಕ್ಕೇ ಕಾರ್ಟನ್‌ಗಳನ್ನು ಸಂದಿಲ್ಲದೆ ಒತ್ತೊತ್ತಾಗಿ ಪೇರಿಸುತ್ತೇವೆ. ಎತ್ತರದ ಮಿತಿ ತೋರಿಸುವ ಗೋಡೆಯ ಕೆಂಪು ಗೆರೆ ಮಾತ್ರ ದಾಟಬಾರದು. ಇನ್ನೂ ನಾಲ್ಕು ಕಾರ್ಟನ್ ಹಿಡಿಯುತ್ತದೆ ಅಂತ ಗೆರೆಯ ಮೇಲೆ ತುರುಕಿದರೆ ಗಾಳಿ ಮರಳುವ ದಾರಿಯೇ ಕಟ್ಟಿತು. ಬಾಗಿಲ ಬಳಿ ನೆಲ ಖಾಲಿ ಉಳಿದರೆ ಅಲ್ಲಿ ದಪ್ಪ ರಟ್ಟು ಹಾಸುತ್ತೇನೆ, ಇಲ್ಲದಿದ್ದರೆ ಗಾಳಿ ಅಡ್ಡದಾರಿ ಹಿಡಿಯುತ್ತದೆ.

ವಿಜಯಪುರದ ಸ್ನೇಹಿತರೊಬ್ಬರು ದ್ರಾಕ್ಷಿ ಕಳಿಸುವಾಗ ಜೊತೆಗೆ ನಿಂತಿದ್ದೆ. ಅಲ್ಲಿ ಲೆಕ್ಕವೇ ಬೇರೆ. ದ್ರಾಕ್ಷಿ ಉಸಿರಾಡುತ್ತದೆ, ಬಿಸಿ ಬಿಡುತ್ತದೆ. ಗಾಳಿ ಪೆಟ್ಟಿಗೆಯ ಒಳಗಿಂದಲೇ ಹಾಯಬೇಕು, ಮೇಲಿನ ಪೆಟ್ಟಿಗೆಯ ತೂತಿಗೆ ಕೆಳಗಿನದರ ತೂತು ಸೇರಬೇಕು. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕು, ಒಂದೆರಡು ಡಿಗ್ರಿ ಹೆಚ್ಚು ಇಳಿದರೆ ಹಣ್ಣೇ ಹೆಪ್ಪುಗಟ್ಟುತ್ತದೆ. ನಮ್ಮ ಮೀನಿಗೆ ಅಷ್ಟು ನಾಜೂಕಿಲ್ಲ.

ಬುಕಿಂಗಿನಲ್ಲಿ ಉಷ್ಣತೆಯನ್ನು ಅಂಕಿಯಲ್ಲೂ ಬರೆಯಿರಿ, "ಮೈನಸ್ ಹದಿನೆಂಟು ಸೆಲ್ಸಿಯಸ್" ಅಂತ ಅಕ್ಷರದಲ್ಲೂ ಬರೆಯಿರಿ. ಆ ಚಿಕ್ಕ ಅಡ್ಡಗೆರೆ ಟೈಪಿಂಗಿನಲ್ಲಿ ಬಿಟ್ಟುಹೋದರೆ ಏನಾಗುತ್ತದೆ ಅಂತ ಯೋಚಿಸಿ. ಹೊರಗಾಳಿ ಒಳಬಿಡುವ ಡಬ್ಬದ ಗಾಳಿಕಿಂಡಿ ಮುಚ್ಚಿರಬೇಕು ಅಂತಲೂ ಸೇರಿಸಿ. ಅಂದ ಹಾಗೆ, ಮೈನಸ್ 18 ಅಂದರೆ ಫ್ಯಾರನ್‌ಹೀಟಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ವಿದ್ಯುತ್ ಉಳಿಸಲು ಇದನ್ನು ಮೈನಸ್ 15 ಮಾಡೋಣ ಅಂತ 2023ರಿಂದ ಕೆಲವು ಶಿಪ್ಪಿಂಗ್, ಕೋಲ್ಡ್ ಸ್ಟೋರೇಜ್ ಕಂಪನಿಗಳು ಹೇಳುತ್ತಿವೆ. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನಿಗೆ ನಾನಂತೂ ಒಪ್ಪುವುದಿಲ್ಲ. ಕರೆಂಟಿಲ್ಲದ ಗಂಟೆಗಳನ್ನು ತಡೆದುಕೊಳ್ಳಲು ನಮಗೆ ಇರುವುದೇ ಆ ಮೂರು ಡಿಗ್ರಿ.

ಆ ಗಂಟೆಗಳು ಕೂಡಿಕೊಳ್ಳುವುದು ರಸ್ತೆಯಲ್ಲಿ. ಪಣಂಬೂರಿನ ಬಂದರು ಹತ್ತಿರವೇ ಇದೆ. ಹಡಗು ಹೊಂದದಿದ್ದರೆ ಕೊಚ್ಚಿಗೋ ಮುಂಬೈ ಬಳಿಯ ನ್ಹಾವಾ ಶೇವಾಕ್ಕೋ ಹೋಗಬೇಕು, ಆಗ ರೀಫರಿಗೆ ಕರೆಂಟು ಕೊಡುವ ಟ್ರೈಲರಿನ ಜೆನ್‌ಸೆಟ್ಟೇ (ಡೀಸೆಲ್ ಜನರೇಟರ್) ದಿಕ್ಕು. ಡೀಸೆಲ್ ಉಳಿಸಲು ಅದನ್ನು ಬಂದ್ ಮಾಡುವ ಚಟ ಕೆಲವರಿಗಿದೆ. ಒಬ್ಬರು ಚಾಲಕರು ನನಗೇ ಹೇಳಿದರು, "ಬಾಗಿಲು ಹಾಕಿಯೇ ಉಂಟಲ್ಲ ಸರ್, ಕರಗೂದಿಲ್ಲ." ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಗಟ್ಟಿಯಾಗಿ ಹೆಪ್ಪುಗಟ್ಟಿ ತುಂಬಿದ ಡಬ್ಬದ ನಡುಭಾಗ ಕೆಲವು ಗಂಟೆಗಳಲ್ಲಿ ಅಲುಗುವುದಿಲ್ಲ. ಆದರೆ ಹೊರಸಾಲಿನ ಕಾರ್ಟನ್ ಬಿಸಿಯಾಗುತ್ತದೆ, ಮತ್ತೆ ತಣಿಯುವಾಗ ಒಳಗೆ ಹಿಮ ಕಟ್ಟುತ್ತದೆ, ರೆಕಾರ್ಡರಿನಲ್ಲೂ ಎಲ್ಲ ಬರೆದಿರುತ್ತದೆ. ಈಗ ಬಾಡಿಗೆ ಮಾತಾಡುವಾಗಲೇ ಜೆನ್‌ಸೆಟ್ಟಿನ ಡೀಸೆಲ್ ಲೆಕ್ಕ ಬೇರೆ ಇಡಿಸುತ್ತೇನೆ. ಡೀಸೆಲ್ ಉಳಿಸಿದರೂ ಚಾಲಕರಿಗೆ ಸಿಗುವುದು ಏನೂ ಇಲ್ಲದಿದ್ದರೆ ಯಾರೂ ಬಂದ್ ಮಾಡುವುದಿಲ್ಲ.

ಕಾಗದದ ಬಗ್ಗೆ ಎರಡೇ ಮಾತು. ಯುರೋಪಿಗೆ 2010ರಿಂದ ಕ್ಯಾಚ್ ಸರ್ಟಿಫಿಕೇಟ್ (ಮೀನು ಕಾನೂನುಬದ್ಧವಾಗಿ ಹಿಡಿದದ್ದು ಅನ್ನುವ ಪತ್ರ) ಕಡ್ಡಾಯ. ಯಾವ ಬೋಟಿನ ಮೀನು ಅಂತ ದಕ್ಕೆಯಲ್ಲೇ, ಖರೀದಿಯ ದಿನವೇ ಬರೆಸಿಕೊಳ್ಳಿ, ತಿಂಗಳಾದ ಮೇಲೆ ಏಜೆಂಟರನ್ನು ಹುಡುಕಬೇಡಿ. ಇನ್ನೊಂದು ಸೀಲ್ ನಂಬರ್. ಬಾಗಿಲಿನ ಸೀಲ್, ಹೆಲ್ತ್ ಸರ್ಟಿಫಿಕೇಟ್, ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸರಕಿನ ರಸೀದಿ) ಮೂರರಲ್ಲೂ ಒಂದೇ ಅಂಕಿ ಇರಬೇಕು. ನಾನು ಸೀಲಿನ ಫೋಟೊ ಎದುರಿಗಿಟ್ಟುಕೊಂಡು ಇನ್ನೊಬ್ಬರ ಬಾಯಲ್ಲಿ ಗಟ್ಟಿಯಾಗಿ ಓದಿಸಿ ಹೋಲಿಸುತ್ತೇನೆ. ಒಂದು ಅಂಕಿ ತಪ್ಪಿದರೂ ಅಲ್ಲಿನ ಬಂದರಿನಲ್ಲಿ ಡಬ್ಬ ನಿಲ್ಲುತ್ತದೆ. ನಿಂತ ರೀಫರಿಗೆ ಜಾಗದ ಬಾಡಿಗೆಯ ಜೊತೆ ಕರೆಂಟಿನ ಬಿಲ್ಲೂ ಏರುತ್ತಿರುತ್ತದೆ.

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾಗಿ ಹಡಗುಗಳು ಆಫ್ರಿಕಾದ ತುದಿ ಸುತ್ತತೊಡಗಿದ ಮೇಲೆ ಯುರೋಪಿನ ದಾರಿ ಹತ್ತು ದಿನಕ್ಕೂ ಮೇಲೆ ಉದ್ದವಾಯಿತು. ಮೀನಿಗೆ ಅದರಿಂದ ಏನೂ ಆಗುವುದಿಲ್ಲ, ಸಿಕ್ಕಿಬೀಳುವುದು ನಮ್ಮ ದುಡ್ಡು. ಹಾಗಾಗಿ ಇಂಥ ದಿನ ತಲುಪಿಸುತ್ತೇವೆ ಅಂತ ನಾನು ಒಪ್ಪಂದದಲ್ಲಿ ಬರೆಯುವುದಿಲ್ಲ, ಹಡಗು ಹತ್ತಿಸುವ ದಿನವನ್ನು ಮಾತ್ರ ಬರೆಯುತ್ತೇನೆ.

ಸರಕು ಹಾಳಾಗಿದೆ ಅಂತ ಕ್ಲೇಮ್ ಬಂದಾಗ ಮೊದಲು ಕಣ್ಣಿಗೆ ಬೀಳುವುದು, ಉಷ್ಣತೆ ದಾಖಲಿಸುವ ಡೇಟಾ ಲಾಗರಿನ ಗೆರೆಯಲ್ಲಿ ಏಳುವ ಮೊನೆಗಳು. "ನಿಮ್ಮ ಸರಕು ಕರಗಿದೆ" ಅಂತ ಖರೀದಿದಾರರ ಮೇಲ್ ಬರುತ್ತದೆ. ಕೆಲವು ಗಂಟೆಗಳಿಗೊಮ್ಮೆ ಮೆಷಿನ್ ತನ್ನ ಕಾಯಿಲಿನ ಹಿಮ ಕರಗಿಸಿಕೊಳ್ಳುತ್ತದೆ, ಆಗ ಗಾಳಿಯ ಅಂಕಿ ಏರಿ ಇಳಿಯುತ್ತದೆ, ಮೀನಿನದಲ್ಲ. ಒಂದೇ ಅಂತರದಲ್ಲಿ, ಒಂದೇ ಎತ್ತರಕ್ಕೆ ಏಳುವ ಮೊನೆ ಡಿಫ್ರಾಸ್ಟಿನದು. ಏರಿ ಗಂಟೆಗಟ್ಟಲೆ ಅಲ್ಲೇ ನಿಂತ ಗೆರೆ ಕಂಡರೆ ಮಾತ್ರ ಸರ್ವೇಯರನ್ನು (ಹಾನಿ ಪರಿಶೀಲಿಸುವವರನ್ನು) ಕರೆಯಬೇಕು, ಅದೂ ಡಬ್ಬ ಖಾಲಿಯಾಗುವ ಮೊದಲು. ಪ್ರೋಬ್ ಇಳಿಸಿದ ಬ್ಲಾಕಿನ, ಕೆಂಪು ಗೆರೆಯ, ಸೀಲಿನ ಫೋಟೊಗಳನ್ನು ಈಗ ನಾನು ಇನ್‌ವಾಯ್ಸಿನ ಜೊತೆಗೇ ಕಳಿಸಿಬಿಡುತ್ತೇನೆ.