ನಮ್ಮ ಕ್ಲಿನಿಕ್‌ಗೆ ಇಎಂಆರ್ ಬಂದಿದ್ದು, ಎರಡನೇ ಕನ್ಸಲ್ಟೆಂಟ್ ಕೈಲಿ

ತಿಪಟೂರಲ್ಲಿ ನಮ್ಮದು ಚಿಕ್ಕ ಕ್ಲಿನಿಕ್. ನಾನು ಜನರಲ್ ಮೆಡಿಸಿನ್, ನಮ್ಮ ಯಜಮಾನ್ರು ಮಕ್ಕಳ ಡಾಕ್ಟ್ರು, ಇಬ್ರು ನರ್ಸ್, ರಿಸೆಪ್ಷನ್‌ಗೆ ಒಬ್ಳು ಹುಡುಗಿ, ಮಾವನೋರ ಕಾಲದಿಂದ ಇರೋ ಕಾಂಪೌಂಡರ್ ಅಣ್ಣ ಒಬ್ರು, ಪಕ್ಕದಲ್ಲೇ ಸಣ್ಣ ಲ್ಯಾಬು. ದಿನಕ್ಕೆ 80-90 ಪೇಷಂಟು, ಕೊಬ್ಬರಿ ಹರಾಜಿನ ದಿನ 150 ದಾಟುತ್ತೆ, ಯಾಕಂದ್ರೆ ಹಳ್ಳಿಯಿಂದ ಮಂಡಿಗೆ ಬಂದೋರು ಹಂಗೇ ಶುಗರ್ರೂ ತೋರ್ಸ್ಕೊಂಡು ಹೋಗೋಣ ಅಂತ ಮನೆಯೋರನ್ನೂ ಕರ್ಕೊಂಡು ಬರ್ತಾರೆ. ಇಎಂಆರ್, ಅಂದ್ರೆ ಪೇಷಂಟ್ ರೆಕಾರ್ಡ್ ಕಂಪ್ಯೂಟರಲ್ಲಿಡೋ ವ್ಯವಸ್ಥೆ, ಹಾಕ್ಸಿದ್ಮೇಲೆ ಈಗ ಸುತ್ತಮುತ್ತಲ ಡಾಕ್ಟ್ರುಗಳು ಸಿಕ್ಕಾಗೆಲ್ಲ ಯಾರನ್ನ ಹಿಡಿದ್ರಿ, ಎಷ್ಟು ಕೊಟ್ರಿ, ಯಾವ ಸಾಫ್ಟ್‌ವೇರು ಅಂತ ಕೇಳ್ತಾರೆ. ಸಾಫ್ಟ್‌ವೇರ್ ಹೆಸರು ಕೇಳೋದಕ್ಕಿಂತ ಅದನ್ನ ತಂದು ಕೂರ್ಸೋ ಮನುಷ್ಯ ಯಾರು ಅಂತ ಕೇಳೋದು ಮುಖ್ಯ, ಅದನ್ನ ನಾನು ದುಡ್ಡು ಕಳ್ಕೊಂಡೇ ಕಲ್ತಿದ್ದು, ಅದಕ್ಕೇ ಇದನ್ನ ಪೂರ್ತಿ ಬರೀತಿದೀನಿ.

ಮೊದ್ಲು ಯಾಕೆ ಬೇಕಾಯ್ತು ಅಂತ ಹೇಳ್ತೀನಿ. ಐವತ್ತೈದು ವರ್ಷದ ಒಬ್ಬ ಹೆಂಗಸು ಉರಿಮೂತ್ರ ಅಂತ ಬಂದ್ರು. ಹಳೇ ಫೈಲ್ ಸಿಗ್ಲಿಲ್ಲ, ಹೊಸ ಕೇಸ್ ಪೇಪರ್ ಮಾಡ್ಸಿದ್ವಿ. ಯಾವ್ದಾದ್ರೂ ಮಾತ್ರೆ ಆಗಲ್ವಾ ಅಂತ ಕೇಳ್ದೆ, ಹಂಗೇನಿಲ್ಲ ಡಾಕ್ಟ್ರಮ್ಮ ಅಂದ್ರು. ಕೋಟ್ರೈಮಾಕ್ಸಜೋಲ್ ಬರೆದೆ, ಸಲ್ಫಾ ಸೇರಿರೋ ಮಾತ್ರೆ ಅದು. ನಾಲ್ಕನೇ ದಿನ ಮೈಯೆಲ್ಲ ಗುಳ್ಳೆ, ಬಾಯೊಳಗೆ ಹುಣ್ಣು, ತುಮಕೂರಲ್ಲಿ 6 ದಿನ ಅಡ್ಮಿಟ್. ಪುಣ್ಯಕ್ಕೆ ಹುಷಾರಾದ್ರು. ಆಮೇಲೆ ಬೀರು ಎಲ್ಲ ತಡಕಾಡಿದಾಗ ಹಳೇ ಫೈಲ್ ಸಿಕ್ತು, ಅದರ ಮೇಲೆ ನಮ್ಮ ಮಾವನೋರ ಅಕ್ಷರದಲ್ಲಿ ಕೆಂಪು ಇಂಕಲ್ಲಿ 'ಸಲ್ಫಾ ಬೇಡ' ಅಂತ ದೊಡ್ಡದಾಗಿ ಬರೆದಿತ್ತು. ಹಿಂದೆ ಸಲ್ಫಾ ತಗೊಂಡಾಗ ಆಗಿದ್ದು ಆಕೆಗೆ ಉಷ್ಣಕ್ಕೆ ಎದ್ದ ಗುಳ್ಳೆ ಅಂತಷ್ಟೇ ನೆನಪು. ಗೊತ್ತಿದ್ದ ವಿಷಯ ನಮ್ಮ ಬೀರುವಲ್ಲೇ ಇದ್ದು ನನ್ನ ಟೇಬಲ್‌ಗೆ ಬರ್ಲಿಲ್ಲ ಅನ್ನೋದು ಎಷ್ಟೋ ರಾತ್ರಿ ನಿದ್ದೆ ಕೆಡ್ಸಿದೆ. ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದಲ್ಲೇ ಇದೆ, ಪೇಷಂಟ್ ರೆಕಾರ್ಡ್ ಕೇಳಿದ್ರೆ 72 ಗಂಟೆ ಒಳಗೆ ಕೊಡ್ಬೇಕು, ಬೇಗ ಸಿಗೋ ಹಂಗೆ ಕಂಪ್ಯೂಟರಿಗೆ ಹಾಕೋ ಪ್ರಯತ್ನ ಮಾಡ್ಬೇಕು ಅಂತ. ಅಷ್ಟು ವರ್ಷ ಅದನ್ನ ಓದಿ ಪಕ್ಕಕ್ಕಿಟ್ಟಿದ್ದೆ.

ಸರಿ, ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯೋರನ್ನ ಕರೆಸಿದ್ವಿ. ಹೆಸರು ಬೇಡ. ಬಂದೋರು ನೇರ ನಮ್ಮ ರೂಮಿಗೆ ಬಂದು ಲ್ಯಾಪ್‌ಟಾಪ್ ತೆಗೆದು ಒಂದು ಗಂಟೆ ಪ್ರೆಸೆಂಟೇಷನ್ ಕೊಟ್ರು, ಪೇಷಂಟುಗಳಿಗೆ ಆಭಾ ಅನ್ನೋ ಸರ್ಕಾರಿ ಹೆಲ್ತ್ ನಂಬರ್ ಮಾಡ್ಸದಿದ್ರೆ ಮುಂದೆ ಕ್ಲಿನಿಕ್ ಲೈಸೆನ್ಸ್‌ಗೇ ತೊಂದ್ರೆ ಅಂತ ಹೆದರ್ಸಿದ್ರು, ಅರ್ಧ ದುಡ್ಡು ಅಡ್ವಾನ್ಸ್ ಅಂದ್ರು, ಕೊಟ್ವಿ. ಕಾಂಪೌಂಡರ್ ಅಣ್ಣನ ಹತ್ರ ಒಂದ್ ಮಾತೂ ಆಡ್ಲಿಲ್ಲ. ಹಾಕಿದ್ದು ದೊಡ್ಡ ಆಸ್ಪತ್ರೆಗೆ ಅಂತ ಮಾಡಿದ ಸಾಫ್ಟ್‌ವೇರು, ವಾರ್ಡು, ಬೆಡ್ಡು, ಆಪರೇಷನ್ ಥಿಯೇಟರ್ ಎಲ್ಲ ಅದ್ರಲ್ಲಿ ಇದೆ, ಬರೀ ಜ್ವರ ಅಂತ ಬಂದೋರಿಗೆ ಚೀಟಿ ಬರೆಯೋಕೆ 11 ಸ್ಕ್ರೀನ್ ದಾಟ್ಬೇಕು. ಒಂದು ಮಧ್ಯಾಹ್ನ ಟ್ರೈನಿಂಗ್ ಅಂದ್ರು, ಅದೂ ಹೊರಗೆ ಪೇಷಂಟ್ ಕೂತಿರೋವಾಗ, ಸೋಮವಾರ ಶುರು ಅಂದ್ರು. ಸೋಮವಾರ ಹನ್ನೊಂದು ಗಂಟೆಗೆ ಕ್ಯೂ ರಸ್ತೆಗೆ ಬಂದಿತ್ತು, ರಿಸೆಪ್ಷನ್ ಹುಡುಗಿ ಕೀಬೋರ್ಡ್ ಮುಂದೆ ಅಳ್ತಾ ಕೂತಿದ್ಲು.

ನಿಧಾನ ಆದ್ರೆ ಸಹಿಸ್ಕೋಬಹುದು, ಆದ್ರೆ ಎರಡನೇ ವಾರದಲ್ಲಿ ಬೇರೇದೇ ಗೊತ್ತಾಯ್ತು. ಆ ಸಾಫ್ಟ್‌ವೇರ್‌ಗೆ ಒಂದು ಮೊಬೈಲ್ ನಂಬರ್ ಅಂದ್ರೆ ಒಬ್ಬ ಪೇಷಂಟು. ನಮ್ಮ ಕಡೆ ಒಂದು ಮನೆಗೆ ಒಂದೇ ನಂಬರ್ ಕೊಡೋದು, ಅದೂ ಮಗಂದು. ಅತ್ತೆಗೆ ಬಿಪಿ, ಸೊಸೆ ಗರ್ಭಿಣಿ, ಇಬ್ರೂ ಒಂದೇ ನಂಬರ್ ಕೊಟ್ಟಿದಾರೆ, ಎರಡೂ ಸೇರಿ ಒಂದೇ ರೆಕಾರ್ಡ್ ಆಗೋಗಿದೆ. ಅತ್ತೆಯ ಬಿಪಿ ಮಾತ್ರೆ ಬಸುರಿ ಹುಡುಗಿ ಹೆಸರಲ್ಲಿ ಪ್ರಿಂಟ್ ಆಗಿ ಬಂತು. ಬಸುರೀಲಿ ಕೊಡಲೇಬಾರದ ಟೆಲ್ಮಿಸಾರ್ಟನ್ ಅದು. ಪ್ರಿಂಟರ್ ಹತ್ರ ನಿಂತಿದ್ದ ನರ್ಸ್ ನೋಡಿ ಓಡಿ ಬಂದ್ಲು. ಅವತ್ತೇ ಸಂಜೆ ಸಿಸ್ಟಂ ಆಫ್ ಮಾಡಿ ಮತ್ತೆ ಪೇಪರ್‌ಗೆ ಬಂದ್ವಿ, ಒಟ್ಟು 9 ದಿನ ನಡೀತು ಅಷ್ಟೇ. ನಮ್ಮ ಡೇಟಾ ವಾಪಸ್ ಕೊಡಿ ಅಂದ್ರೆ ಪಿಡಿಎಫ್ ಕಳ್ಸಿದ್ರು. ಅವರ ಹುಡುಗ ಟೆಸ್ಟಿಂಗ್ ಅಂತ ನಮ್ಮ ಪೇಷಂಟ್ ಲಿಸ್ಟ್ ಪೆನ್ ಡ್ರೈವ್‌ಗೆ ಹಾಕ್ಕೊಂಡು ಹೋಗಿದ್ದೂ ಆಮೇಲೆ ಗೊತ್ತಾಗಿದ್ದು. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಸಿಟ್ಟು ಬರುತ್ತೆ, ಜನ ನಮ್ಮನ್ನ ನಂಬಿ ಹೇಳಿದ ವಿಷಯ ಅದು.

ಒಂದು ವರ್ಷ ಆ ಸುದ್ದಿಗೇ ಹೋಗ್ಲಿಲ್ಲ. ಆಮೇಲೆ ಮೈಸೂರಲ್ಲಿ ಒಂದು ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ಸೆಕ್ಷನ್ನಲ್ಲಿ ಬಹಳ ವರ್ಷ ಕೆಲ್ಸ ಮಾಡಿ ಈಗ ಸ್ವಂತವಾಗಿ ಈ ಕೆಲ್ಸ ಮಾಡೋ ಒಬ್ರು ಮೇಡಂ ಬಗ್ಗೆ ನನ್ನ ಕ್ಲಾಸ್‌ಮೇಟ್ ಹೇಳಿದ್ಲು. ಫೋನ್ ಮಾಡಿದ್ರೆ ಆಕೆ ಸಾಫ್ಟ್‌ವೇರ್ ವಿಷಯಾನೇ ಎತ್ತಲಿಲ್ಲ. 'ಮೂರು ದಿನ ನಿಮ್ಮ ರಿಸೆಪ್ಷನ್ ಪಕ್ಕ ಒಂದು ಸ್ಟೂಲ್ ಹಾಕಿಕೊಡಿ ಮೇಡಂ, ಅದ್ರಲ್ಲಿ ಒಂದು ಹರಾಜಿನ ದಿನ ಇರ್ಲಿ' ಅಂದ್ರು. ಆ ಮೂರು ದಿನಕ್ಕೆ ಬೇರೆ ಫೀಸು, ಅದಾದ್ಮೇಲೆ ಬೇಡ ಅನ್ನಿಸಿದ್ರೆ ಅಲ್ಲಿಗೇ ಮುಗೀತು. ಈ ಒಂದು ಮಾತಿಗೇ ನಾನು ಒಪ್ಕೊಂಡೆ.

ಎರಡನೇ ದಿನ ಆಕೆ ಕಂಡುಹಿಡಿದಿದ್ದು ನನಗೂ ಗೊತ್ತಿರ್ಲಿಲ್ಲ. ಕಾಂಪೌಂಡರ್ ಅಣ್ಣ ಫೈಲುಗಳನ್ನ ಹೆಸರಿನ ಪ್ರಕಾರ ಇಡ್ತಾನೇ ಇರ್ಲಿಲ್ಲ, ಊರಿನ ಪ್ರಕಾರ ಇಡ್ತಿದ್ರು. ಒಂದು ಊರು ಒಂದು ಕಟ್ಟು, ಅದರೊಳಗೆ ಗಂಡನ ಹೆಸರೋ ಅಪ್ಪನ ಹೆಸರೋ. 'ಲಕ್ಷ್ಮಮ್ಮ ಅಂದ್ರೆ ನಲವತ್ತು ಜನ ಇದಾರೆ, ಯಾವ ಊರು ಯಾರ ಮನೆ ಅಂದ್ರೆ ಒಬ್ರೇ' ಅಂತ ಅಣ್ಣ ಹೇಳಿದ್ದನ್ನ ಆಕೆ ನೋಟ್‌ಬುಕ್ಕಲ್ಲಿ ಹಂಗೇ ಬರ್ಕೊಂಡ್ರು. ಸಲ್ಫಾ ಫೈಲ್ ಅವತ್ತು ಯಾಕೆ ಸಿಗ್ಲಿಲ್ಲ ಅಂತಾನೂ ಆವಾಗ್ಲೇ ಗೊತ್ತಾಗಿದ್ದು, ಆ ಪೇಷಂಟ್ ಮಗಳ ಮನೆಯಿಂದ ಬಂದಿದ್ರು, ಆ ಊರಿನ ಹೆಸರು ಹೇಳಿದ್ರು, ಅಣ್ಣ ಆ ಕಟ್ಟಲ್ಲಿ ಹುಡುಕಿದ್ರು. ಹಳೇ ಸಾಫ್ಟ್‌ವೇರಲ್ಲಿ ಊರು ಅನ್ನೋದು ಅಡ್ರೆಸ್ ಎರಡನೇ ಸಾಲಲ್ಲಿ, ಅದ್ರಿಂದ ಹುಡ್ಕೋಕೇ ಆಗಲ್ಲ. ಹೆಸರಿಂದ ಹುಡುಕಿದ್ರೆ ಲಕ್ಷ್ಮಮ್ಮನ್ನ ಒಬ್ರು ಕೆ ಎಸ್ ಎಚ್ ಹಾಕಿ ಬರೆದಿರ್ತಾರೆ, ಇನ್ನೊಬ್ರು ಎಕ್ಸ್ ಹಾಕಿ, ಸಿಗೋದಾದ್ರೂ ಹೆಂಗೆ. ಡೇಟ್ ಆಫ್ ಬರ್ತ್ ನೋಡೋಣ ಅಂದ್ರೆ ವಯಸ್ಸಾದೋರ ಆಧಾರಲ್ಲಿ ಎಷ್ಟೋ ಜನರದ್ದು ಜನವರಿ 1.

ಅದಕ್ಕೇ ಸಾಫ್ಟ್‌ವೇರ್ ಆರಿಸೋವಾಗ ಆಕೆ ಕಂಪ್ನಿಯೋರಿಗೆ ಕೊಟ್ಟ ಪರೀಕ್ಷೆ ಇದು: ಒಂದೇ ಮೊಬೈಲ್ ನಂಬರಿಗೆ 5 ಜನರನ್ನ ಹಾಕಿ ತೋರ್ಸಿ, ಅದ್ರಲ್ಲಿ ಇಬ್ರಿಗೆ ಒಂದೇ ಹೆಸರಿರ್ಲಿ, ಆಮೇಲೆ ಹಳೇ ಊರು, ಹೊಸ ಊರು, ಗಂಡನ ಹೆಸರು ಯಾವುದ್ರಿಂದ ಬೇಕಾದ್ರೂ ಹುಡುಕಿ ತೋರ್ಸಿ. ಮೂರು ಕಂಪ್ನಿಯಲ್ಲಿ ಒಂದೇ ಪಾಸಾಯ್ತು, ಅದೇ ಎಲ್ಲಕ್ಕಿಂತ ಕಮ್ಮಿ ರೇಟಿಂದು. ಕಂಪ್ನಿಯಿಂದ ಒಂದು ರೂಪಾಯಿ ಕಮಿಷನ್ ತಗೊಳ್ಳಲ್ಲ ಅಂತ ಆಕೆ ಮೊದ್ಲೇ ಬರೆದು ಕೊಟ್ಟಿದ್ರು. ಇದನ್ನ ಎಲ್ಲರೂ ಕೇಳಿ, ದಯವಿಟ್ಟು ಕೇಳಿ. ಕನ್ಸಲ್ಟೆಂಟ್‌ಗೆ ನಾವೂ ಫೀಸ್ ಕೊಡ್ತೀವಿ, ಆ ಕಡೆ ಕಂಪ್ನಿಯೂ ಕೊಡುತ್ತೆ ಅಂದ್ರೆ ನಿಮ್ಮ ಪರವಾಗಿ ಮಾತಾಡೋರು ಯಾರೂ ಇರಲ್ಲ.

ಅಗ್ರಿಮೆಂಟ್ ಎರಡೇ ಪುಟ, ಕನ್ನಡದಲ್ಲೇ ಬರ್ಕೊಂಡ್ವಿ. ದುಡ್ಡು ನಾಲ್ಕು ಕಂತು, ಕೊನೇ ಕಂತು ಶುರುವಾಗಿ 60 ದಿನ ಚೆನ್ನಾಗಿ ನಡೆದ ಮೇಲೆ. ಡೇಟಾ ನಮ್ಮದು, ತಿಂಗಳಿಗೊಂದ್ಸಲ ಪೂರ್ತಿ ಎಕ್ಸ್‌ಪೋರ್ಟ್ ಎಕ್ಸೆಲಲ್ಲಿ ಓಪನ್ ಆಗೋ ಹಂಗೆ ಸಿಗ್ಬೇಕು. ಟೆಸ್ಟಿಂಗ್ ಸುಳ್ಳು ಹೆಸರುಗಳಲ್ಲೇ ಮಾಡ್ಬೇಕು, ನಿಜವಾದ ಪೇಷಂಟ್ ಡೇಟಾ ಕ್ಲಿನಿಕ್ ಬಿಟ್ಟು ಹೊರಗೆ ಹೋಗಂಗಿಲ್ಲ, ಒಬ್ಬೊಬ್ರಿಗೂ ಬೇರೆ ಲಾಗಿನ್. 2023ರಲ್ಲಿ ಡೇಟಾ ಪ್ರೊಟೆಕ್ಷನ್ ಕಾಯ್ದೆ ಪಾಸಾಗಿದೆ, ಇದು ಬರೀ ಮರ್ಯಾದೆ ಪ್ರಶ್ನೆ ಅಲ್ಲ, ಆ ಕಾಯ್ದೆ ಜವಾಬ್ದಾರಿ ನಮ್ಮ ಮೇಲೇ ಹಾಕುತ್ತೆ.

ಆಭಾ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಹೆದರ್ಸಿ ಮಾರೋರು ಜಾಸ್ತಿ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ (ಎಬಿಡಿಎಂ) ದೇಶಕ್ಕೆಲ್ಲ ಬಂದಿದ್ದು 2021ರ ಸೆಪ್ಟೆಂಬರಲ್ಲಿ, ಆಭಾ ಅಂದ್ರೆ ಅದರ 14 ಅಂಕಿ ನಂಬರು, ಪೇಷಂಟ್ ಇಷ್ಟ ಇದ್ರೆ ಮಾಡಿಸ್ಕೋಬಹುದು, ಬಲವಂತ ಇಲ್ಲ. ಒಳ್ಳೇದೇ ಅದು, ನಾನು ಎಲ್ಲರಿಗೂ ಹೇಳ್ತೀನಿ. ಆದ್ರೆ ನಮ್ಮಲ್ಲಿ ಅಜ್ಜಿ ಕೌಂಟರ್ ಮುಂದೆ ನಿಂತಿರ್ತಾರೆ, ಓಟಿಪಿ ಬೆಂಗಳೂರಲ್ಲಿ ಡ್ಯೂಟೀಲಿರೋ ಮಗನ ಫೋನಿಗೆ ಹೋಗಿರುತ್ತೆ, ಅವನು ಎತ್ತಲ್ಲ. ಬೆಳಗಿನ ರಶ್ಶಲ್ಲಿ ಮಾಡ್ಬೇಡಿ, ಮಧ್ಯಾಹ್ನ ಮೂರರ ಮೇಲೆ ಬೇರೆ ಟೇಬಲ್ ಹಾಕಿ ಅಂದ್ರು ಆ ಮೇಡಂ, ಹಂಗೇ ಮಾಡಿದ್ವಿ. ಸಾಫ್ಟ್‌ವೇರ್‌ನೋರು ನಮ್ಮದು ಎಬಿಡಿಎಂಗೆ ಸೇರಿದೆ ಅಂದಾಗ ಅದರ ಹಂತಗಳಲ್ಲಿ ಎಂ1 ಮಾತ್ರನಾ, ಎಂ2, ಎಂ3 ಕೂಡ ಆಗಿದ್ಯಾ ಅಂತ ಕೇಳಿ. ಎಂ1 ಅಂದ್ರೆ ನಂಬರ್ ಮಾಡೋದು ಪರಿಶೀಲಿಸೋದು ಅಷ್ಟೇ, ರೆಕಾರ್ಡ್ ಕಳ್ಸೋದು ಎಂ2, ಬೇರೆ ಕಡೆಯದ್ದು ಒಪ್ಪಿಗೆ ತಗೊಂಡು ತರ್ಸ್ಕೊಳ್ಳೋದು ಎಂ3.

ಶುರು ಮಾಡಿದ್ದು ಮೆಲ್ಲಗೆ. ಮೊದಲ ಎರಡು ವಾರ ಬರೀ ರಿಜಿಸ್ಟ್ರೇಷನ್ನು, ತೂಕ, ಬಿಪಿ. ಮೂರನೇ ವಾರದಿಂದ ನಾನೊಬ್ಳೇ ಚೀಟಿ ಕಂಪ್ಯೂಟರಲ್ಲಿ ಬರೆದೆ, ನಮ್ಮ ಯಜಮಾನ್ರು ಪೇಪರಲ್ಲೇ ಇದ್ರು. ಔಷಧಿ ಲಿಸ್ಟಿಗೆ ಮಾತ್ರ ನಾವಿಬ್ರೂ ಎರಡು ಭಾನುವಾರ ಪೂರ್ತಿ ಕೂತ್ವಿ. ಕಂಪ್ನಿ ಕೊಟ್ಟ ಲಿಸ್ಟಲ್ಲಿ ಎಂ ಇ ಟಿ ಅಂತ ಹೊಡೆದ್ರೆ ಮೆಟ್‌ಫಾರ್ಮಿನ್, ಮೆಟೊಪ್ರೊಲಾಲ್, ಮೆಟ್ರೊನಿಡಜೋಲ್, ಮೆಥೊಟ್ರೆಕ್ಸೇಟ್ ಎಲ್ಲ ಒಂದರ ಕೆಳಗೊಂದು ಬರ್ತಿತ್ತು. ಮೆಥೊಟ್ರೆಕ್ಸೇಟ್ ವಾರಕ್ಕೊಂದ್ಸಲ ತಗೊಳ್ಳೋ ಔಷಧಿ, ಬೆರಳು ಜಾರಿ ಅದು ದಿನಾ ಎರಡು ಹೊತ್ತು ಅಂತ ಹೋದ್ರೆ ಜೀವಕ್ಕೇ ಕುತ್ತು. ನಾವು ದಿನಾ ಬರೆಯೋ 140 ಔಷಧಿ ಮಾತ್ರ ಮುಂದಿನ ಲಿಸ್ಟಲ್ಲಿ ಇಟ್ವಿ, ಮೆಥೊಟ್ರೆಕ್ಸೇಟ್ ಬೇಕಂದ್ರೆ ಪೂರ್ತಿ ಹೆಸರು ಟೈಪ್ ಮಾಡ್ಬೇಕು.

ಚೀಟಿ ಕನ್ನಡದಲ್ಲಿ ಬರೋ ಹಂಗೆ ಮಾಡೋದೂ ಅಷ್ಟೇ ಕೆಲ್ಸ ಆಯ್ತು. ಮೊದಲನೇ ಕಂಪ್ನಿಯೋರು ಹಳೇ ನುಡಿ ಫಾಂಟಲ್ಲಿ ಮಾಡಿದ್ರು, ಆ ಫಾಂಟ್ ಇಲ್ಲದ ಕಂಪ್ಯೂಟರಿಂದ ಪ್ರಿಂಟ್ ತೆಗೆದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರ್ತಿತ್ತು. ಈ ಸಲ ಯೂನಿಕೋಡೇ ಬೇಕು ಅಂತ ಹಠ ಹಿಡಿದ್ವಿ. ಮಾತ್ರೆ ಹೆಂಗೆ ತಗೋಬೇಕು ಅನ್ನೋದಕ್ಕೆ ಹೊಸ ಕಂಪ್ನಿಯೋರು ಕೊಟ್ಟಿದ್ದು 'ಆಹಾರದ ಮೊದಲು ದಿನಕ್ಕೆ ಎರಡು ಬಾರಿ', ನಮ್ಮ ಜನ ಯಾರು ಹಂಗೆ ಮಾತಾಡ್ತಾರೆ? ನರ್ಸುಗಳೇ ಕೂತು ಬದಲಾಯಿಸಿದ್ರು, 'ಬೆಳಗ್ಗೆ ತಿಂಡಿಗೆ ಮುಂಚೆ 1, ರಾತ್ರಿ ಊಟಕ್ಕೆ ಮುಂಚೆ 1'. ಈಗ ಮನೇಲಿ ಓದೋ ಮೊಮ್ಮಕ್ಕಳು ಅಜ್ಜಿಗೆ ಓದಿ ಹೇಳ್ತಾರೆ, ಮಾತ್ರೆ ಹೆಂಗೆ ತಗೋಬೇಕು ಅಂತ ಕೇಳೋಕೆ ವಾಪಸ್ ಬರೋರು ಕಮ್ಮಿಯಾಗಿದಾರೆ.

ಹಳೇ ಫೈಲ್ ಎಲ್ಲ ಸ್ಕ್ಯಾನ್ ಮಾಡ್ಸೋಣ ಅಂತ ನಾನಂದ್ರೆ ಆಕೆ ಬೇಡ ಅಂದ್ರು, ಸ್ಕ್ಯಾನ್ ಮಾಡಿದ್ದನ್ನ ರಶ್ಶಲ್ಲಿ ಯಾರೂ ತೆಗೆದು ಓದಲ್ಲ. ಒಂದೂವರೆ ವರ್ಷದೊಳಗೆ ಬಂದಿರೋ ಶುಗರ್, ಬಿಪಿ, ಥೈರಾಯ್ಡ್, ಫಿಟ್ಸ್ ಪೇಷಂಟುಗಳದ್ದು ಮಾತ್ರ ಒಂದೊಂದು ಪುಟದ ಸಾರಾಂಶ. ಉಳಿದ ಬೀರೂನೆಲ್ಲ ಅಲರ್ಜಿಗೋಸ್ಕರ ಮಾತ್ರ ನೋಡೋದು. ಕಾಂಪೌಂಡರ್ ಅಣ್ಣ ಮೂರು ತಿಂಗಳು ಸಂಜೆ ಸಂಜೆ ಒಂದೊಂದೇ ಊರಿನ ಕಟ್ಟು ಬಿಚ್ಚಿ ಕೆಂಪು ಇಂಕು ಕಂಡಿದ್ದನ್ನೆಲ್ಲ ಓದಿ ಹೇಳಿದ್ರು, ರಿಸೆಪ್ಷನ್ ಹುಡುಗಿ ಹಾಕಿದ್ಲು. 63 ಜನ ಸಿಕ್ಕಿದ್ರು. ಈಗ ಅವರ ರೆಕಾರ್ಡ್ ತೆಗೆದ ತಕ್ಷಣ ಮೇಲೆ ಕೆಂಪು ಪಟ್ಟಿ ಬರುತ್ತೆ, ಅದನ್ನ ಓದಿದೆ ಅಂತ ಒತ್ತದೆ ಚೀಟಿ ಪ್ರಿಂಟ್ ಆಗಲ್ಲ.

ಕರೆಂಟ್ ಹೋದ್ರೆ ಯುಪಿಎಸ್ ಎರಡು ಗಂಟೆ ಬರುತ್ತೆ, ಅದೂ ಮುಗಿದ್ರೆ ಡ್ರಾಯರಲ್ಲಿ ಖಾಲಿ ಕೇಸ್ ಪೇಪರ್ ಕಟ್ಟು ಇಟ್ಟಿದೀವಿ, ಆಮೇಲೆ ಹಾಕ್ತೀವಿ. ಪ್ರತಿ ತಿಂಗಳ ಮೊದಲ ಭಾನುವಾರ ಎಕ್ಸ್‌ಪೋರ್ಟ್ ತೆಗೆದು ಯಾವುದಾದ್ರೂ 10 ಪೇಷಂಟ್ ಹೆಸರು ಹುಡುಕಿ ಸರಿಯಿದ್ಯಾ ಅಂತ ನಾನೇ ನೋಡ್ತೀನಿ, ಆಕೆ ಕಲ್ಸಿದ್ದು ಅದು.

ಇನ್ನೂ ಆಗದೆ ಇರೋದು ಲ್ಯಾಬು. ಮೆಷಿನ್ನಿಂದ ಬಂದ ರಿಸಲ್ಟನ್ನ ಈಗ್ಲೂ ಕೈಯಲ್ಲೇ ಟೈಪ್ ಮಾಡ್ತಿದೀವಿ, ಒಂದ್ಸಲ ಕಿಡ್ನಿ ಟೆಸ್ಟಿನ ಕ್ರಿಯಾಟಿನಿನ್ 1.2 ಅನ್ನೋದು 12 ಅಂತ ಬಿದ್ದು ಪೇಷಂಟ್ ಮನೆಯೋರು ಗಾಬರಿ ಆಗ್ಬಿಟ್ಟಿದ್ರು. ಮೆಷಿನ್ನಿಂದ ನೇರ ಬರೋ ಹಂಗೆ ಮಾಡ್ಸೋಕೆ ಆ ಮೇಡಂಗೇ ಮತ್ತೆ ಫೋನ್ ಮಾಡಿದೀನಿ. ರೇಟ್ ಆಮೇಲೆ ಮಾತಾಡೋಣ, ಮೊದ್ಲು ಎರಡು ದಿನ ಲ್ಯಾಬ್ ಟೇಬಲ್ ಪಕ್ಕ ಸ್ಟೂಲ್ ಹಾಕಿಸಿ ಅಂದಿದಾರೆ, ಮುಂದಿನ ವಾರ ಬರ್ತಾರೆ.