ಆಟಿಯಲ್ಲಿ ಜಾಗ ನೋಡುತ್ತೇನೆ, ಬೇಸಿಗೆಯಲ್ಲಿ ಯಂತ್ರ ಇಳಿಸುತ್ತೇನೆ

ನನ್ನ ಬಳಿ ಒಂದು ಜೆಸಿಬಿ, ಒಂದು ಸಣ್ಣ ಹಿಟಾಚಿ, ಎರಡು ಟಿಪ್ಪರ್ ಇವೆ. ಸುಳ್ಯ, ಪುತ್ತೂರು ಆಸುಪಾಸಿನಲ್ಲಿ ಮನೆಜಾಗ ಸಮತಟ್ಟು ಮಾಡುವುದು, ಅಡಿಕೆ ತೋಟಕ್ಕೆ ಕಣಿ (ನೀರು ಹರಿದುಹೋಗುವ ಕಾಲುವೆ) ತೆಗೆಯುವುದು, ಅಂಗಳದ ನೀರಿಗೆ ದಾರಿ ಮಾಡಿಕೊಡುವುದು ನನ್ನ ಕಸುಬು. ಯಂತ್ರ ಓಡುವುದು ದೀಪಾವಳಿಯಿಂದ ಪತ್ತನಾಜೆಯವರೆಗೆ. ಮೇ ಕೊನೆಯ ವಾರದಲ್ಲಿ ಪತ್ತನಾಜೆ ಬಂದು ಕೋಲ, ಯಕ್ಷಗಾನ ನಿಂತ ಮೇಲೆ ನಮ್ಮ ಬಕೆಟ್ಟೂ ಶೆಡ್ಡಿನಲ್ಲಿ ಕೂರುತ್ತದೆ. ಆದರೆ ಹಣ ತರುವ ಕೆಲಸ ನಿಂತ ಆ ತಿಂಗಳುಗಳಲ್ಲೇ, ಅದರಲ್ಲೂ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು ಆಟಿಯಲ್ಲಿ, ನನ್ನ ಮುಖ್ಯ ಕೆಲಸ ನಡೆಯುತ್ತದೆ.

ಯಾರಾದರೂ ಜಾಗ ತಟ್ಟು ಮಾಡಬೇಕೆಂದು ಕರೆದರೆ, ತೀರಾ ಅವಸರವಿಲ್ಲದಿದ್ದಲ್ಲಿ, ಜೋರು ಮಳೆ ಹೊಯ್ಯುವಾಗಲೇ ಹೋಗುತ್ತೇನೆ. ಬೇಸಿಗೆಯಲ್ಲಿ ಒಣಗಿದ ಗುಡ್ಡೆ ಏನನ್ನೂ ಹೇಳುವುದಿಲ್ಲ. ಮಳೆಯಲ್ಲಿ ನೋಡಿದರೆ ಮೇಲಿನವರ ಜಾಗದಿಂದ ನೀರು ಎಲ್ಲಿ ಒಳಗೆ ನುಗ್ಗುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಯಿಂದ ಹೊರಗೆ ಹೋಗುತ್ತದೆ ಎಂಬುದೆಲ್ಲ ಕಣ್ಣೆದುರೇ ಇರುತ್ತದೆ. ನೀರಿನ ಬಣ್ಣವನ್ನೂ ನೋಡುತ್ತೇನೆ. ಕೆಂಪಾಗಿ ಹರಿದರೆ ಮಣ್ಣು ಕೊಚ್ಚಿ ಹೋಗುತ್ತಿದೆ ಎಂದು ಅರ್ಥ. ಮಳೆ ಬಿಟ್ಟು ಎರಡು ದಿನ ಬಿಸಿಲು ಬಿದ್ದ ನಂತರ ಇನ್ನೊಮ್ಮೆ ಹೋಗುತ್ತೇನೆ. ಆಗಲೂ ತಿಳಿನೀರು ಜಿನುಗುತ್ತಿದ್ದರೆ ಅದು ಒರತೆ. ಮೇಲಿನಿಂದ ಹರಿದು ಬರುವ ನೀರನ್ನು ಕಣಿ ತೆಗೆದು ತಿರುಗಿಸಬಹುದು. ಒರತೆ ಹಾಗೆ ತಿರುಗುವುದಿಲ್ಲ. ಅದಕ್ಕೆ ನೆಲದೊಳಗೆ ಜಲ್ಲಿ ತುಂಬಿ, ತೂತಿನ ಪೈಪು ಹಾಕಿ, ಮಣ್ಣು ಸೇರದಂತೆ ಬಟ್ಟೆ ಸುತ್ತಿ ಬಸಿಗಾಲುವೆ ಮಾಡಬೇಕು. ಕಂಡದ್ದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ಇಡುತ್ತೇನೆ, ನೀರು ನುಗ್ಗುವ ಕಡೆ ಒಂದು ಗೂಟ ಹೊಡೆದು ಬರುತ್ತೇನೆ.

ಜಾಗದವರಿಗೆ ಒಂದು ಲೆಕ್ಕವನ್ನೂ ಹೇಳುತ್ತೇನೆ. ಐದು ಸೆಂಟ್ಸ್ ಜಾಗದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 20,000 ಲೀಟರ್ ನೀರು. ನಮ್ಮಲ್ಲಿ ಜೂನ್, ಜುಲೈಯಲ್ಲಿ ಒಂದೇ ದಿನ ಅಷ್ಟು ಸುರಿಯುವುದು ಹೊಸದೇನಲ್ಲ. ಮೇಲಿನ ಗುಡ್ಡೆಯಿಂದ ಬರುವ ನೀರು ಈ ಲೆಕ್ಕಕ್ಕೆ ಸೇರಿಲ್ಲ. ಇಷ್ಟು ಕೇಳಿದ ಮೇಲೆ ಚರಂಡಿ ಆಮೇಲೆ ನೋಡೋಣ ಎನ್ನುವವರು ಕಡಿಮೆ.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಗುಡ್ಡೆ ಕಡಿಯುವಾಗ. ಮೇಲೆ ಎರಡು, ಮೂರು ಅಡಿ ಕೆಂಪು ಮಣ್ಣು, ಅದರ ಕೆಳಗೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಬಕೆಟ್ಟಿನ ಹಲ್ಲು ಮುರಕಲ್ಲಿಗೆ ತಾಗಿ ಕಿರುಗುಡುವಷ್ಟು ಹೊತ್ತು ನನಗೆ ಧೈರ್ಯ. ಆ ಸದ್ದು ಒಮ್ಮೆಲೇ ನಿಂತು ಬಕೆಟ್ ಸಲೀಸಾಗಿ ಇಳಿದು, ಬಿಳಿ, ಗುಲಾಬಿ, ಹಳದಿ ಬಣ್ಣದ ಮಣ್ಣು ಹೊರಬಂದರೆ ಯಂತ್ರ ನಿಲ್ಲಿಸಿ ಇಳಿಯುತ್ತೇನೆ. ಅದು ಶೇಡಿ ಮಣ್ಣು. ಮಾರ್ಚಿನಲ್ಲಿ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ನೋಡಿದವರು ಇದು ಬೀಳುವುದಿಲ್ಲ ಎಂದೇ ನಂಬುತ್ತಾರೆ. ಒಂದು ಹೆಂಟೆಯನ್ನು ಬಕೆಟ್ ನೀರಿಗೆ ಹಾಕಿ ತೋರಿಸುತ್ತೇನೆ. ನೋಡುತ್ತಿರುವಾಗಲೇ ಸಡಿಲವಾಗಿ ತಳದಲ್ಲಿ ಹಿಟ್ಟಾಗಿ ಕೂರುತ್ತದೆ. ಜುಲೈಯಲ್ಲಿ ಧರೆಗೆ, ಅಂದರೆ ಗುಡ್ಡೆ ಕಡಿದು ಉಳಿದ ಮಣ್ಣಿನ ಗೋಡೆಗೆ, ಆಗುವುದೂ ಅದೇ.

ಶೇಡಿ ಕಂಡಲ್ಲಿ ನೆಟ್ಟಗೆ ಕಡಿಯುವುದನ್ನು ನಿಲ್ಲಿಸಿ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಇಳಿಜಾರು ಕೊಡುತ್ತೇನೆ. ಧರೆಯ ತಲೆಯ ಮೇಲೆ ಸ್ವಲ್ಪ ದೂರದಲ್ಲಿ ಅಡ್ಡಲಾಗಿ ಕಣಿ ತೆಗೆದು ನೀರನ್ನು ಪಕ್ಕದಿಂದ ಇಳಿಸುತ್ತೇನೆ. ತಡೆಗೋಡೆ ಕಟ್ಟುವವರಿದ್ದರೆ ಗೋಡೆಯ ಹಿಂದೆ ಜಲ್ಲಿ, ಗೋಡೆಯಲ್ಲಿ ನೀರು ಬಸಿಯುವ ತೂತು ಇರಲೇಬೇಕೆಂದು ಮೇಸ್ತ್ರಿಗೂ ಹೇಳಿ ಬರುತ್ತೇನೆ. ಇಳಿಜಾರು ಕೊಟ್ಟರೆ ಒಂದು ಕೋಣೆಯಷ್ಟು ಜಾಗ ಹೋಗುತ್ತದೆ ಎಂಬ ಜಾಗದವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪದಿದ್ದರೆ ಕೆಲಸ ಬಿಟ್ಟು ಬರುತ್ತೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದದ್ದನ್ನು ನಮ್ಮ ಊರುಗಳು ಮರೆತಿಲ್ಲ. ಮನೆಯ ಹಿಂದಿನ ಧರೆಯ ಕೆಳಗೆ ಮಕ್ಕಳು ಮಲಗುತ್ತಾರೆ.

ಅಂಗಳಕ್ಕೆ ಮೂವತ್ತು ಅಡಿಗೆ ಆರು ಇಂಚು ವಾಟ (ಇಳಿಜಾರು) ಕೊಡುತ್ತೇನೆ, ಮನೆಯಿಂದ ಹೊರಮುಖವಾಗಿ. ಮಟ್ಟ ನೋಡಲು ಮೇಸ್ತ್ರಿಗಳ ನೀರಿನ ಪೈಪೇ ಸಾಕು. ದೊಡ್ಡ ಜಾಗಕ್ಕೆ ಮಾತ್ರ ಡಂಪಿ ಲೆವೆಲ್ ಬಾಡಿಗೆಗೆ ತರುತ್ತೇನೆ. ತುಂಬಿಸುವ ಮಣ್ಣನ್ನು ಒಂದೊಂದು ಅಡಿಯಾಗಿ ಹರಡಿ, ನೀರು ಹಾಯಿಸಿ, ರೋಲರ್ ಹೊಡೆಸುತ್ತೇನೆ. ಅಷ್ಟಾದರೂ ತುಂಬಿದ ಕಡೆ ಮನೆಯ ಪಂಚಾಂಗ (ಅಡಿಪಾಯ) ಬೇಡ ಎಂದು ಹೇಳುತ್ತೇನೆ. ಕಡಿದ ಮಣ್ಣು ಅದೇ ಜಾಗದಲ್ಲಿ ತುಂಬಲು ಸರಿಹೋಗುವಂತೆ ಮೊದಲೇ ಲೆಕ್ಕ ಹಾಕಿದರೆ ಟಿಪ್ಪರ್ ಖರ್ಚು ಉಳಿಯುತ್ತದೆ. ಮಣ್ಣು ಹೊರಗೆ ಸಾಗಿಸಿ ಮಾರಬೇಕಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇರೆ ಬೇಕು.

ತೋಟದ ಕೆಲಸ ನನಗೆ ಇಷ್ಟ. ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನೊಳಗೆ ಜೆಸಿಬಿ ತಿರುಗುವುದಿಲ್ಲ, ಸಣ್ಣ ಹಿಟಾಚಿಯೇ ಬೇಕು. ಗದ್ದೆ ಇದ್ದ ಬೈಲಿನಲ್ಲಿ ಅಡಿಕೆ ನೆಟ್ಟವರ ತೋಟದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಅಲ್ಲಿ ಎರಡು ಸಾಲಿಗೊಂದು ಕಣಿ, ಬೇರಿನ ಮಟ್ಟಕ್ಕಿಂತ ಮುಕ್ಕಾಲು ಅಡಿಯಾದರೂ ಆಳ. ತೆಗೆಯಲು ಶುರುಮಾಡುವುದು ಯಾವಾಗಲೂ ಕೆಳಗಿನ ತೋಡಿನ (ಹಳ್ಳದ) ಕಡೆಯಿಂದ. ಹಾಗೆ ಮಾಡಿದರೆ ತೆಗೆದಷ್ಟು ಕಣಿಯ ನೀರು ಆಗಲೇ ಇಳಿದುಹೋಗುತ್ತದೆ, ಯಂತ್ರ ಕೆಸರಿನಲ್ಲಿ ಹೂಳುವುದಿಲ್ಲ.

ಹಣದ ವಿಷಯ. ಬ್ಯಾಂಕಿನ ಕಂತಿಗೆ ಮಳೆಗಾಲದ ರಜೆ ಇಲ್ಲ. ಆದ್ದರಿಂದ ಪ್ರತಿ ಗಂಟೆಯ ಬಾಡಿಗೆಯಲ್ಲೂ ಒಂದು ಪಾಲನ್ನು ಬೇರೆ ಖಾತೆಗೆ ಹಾಕುತ್ತೇನೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಕಂತೂ ಆಪರೇಟರುಗಳ ಸಂಬಳವೂ ಅಲ್ಲಿಂದಲೇ ಹೋಗಬೇಕು. ಮಳೆಗಾಲದಲ್ಲಿ ಆಪರೇಟರನ್ನು ಬಿಟ್ಟುಬಿಟ್ಟರೆ ದೀಪಾವಳಿಗೆ ಹೊಸಬ ಸಿಗಬಹುದು, ಶೇಡಿಯ ಬಣ್ಣ ಕಂಡೊಡನೆ ಕೈ ತಡೆಯುವವನು ಸಿಗುವುದಿಲ್ಲ. ಗ್ರೀಸ್ ಹೊಡೆಯದೆ ಬೆಳಿಗ್ಗೆ ಯಂತ್ರ ಶುರುವಾಗಬಾರದು, ಮೀಟರ್ ಓದಿ ಜಾಗದವರ ಎದುರೇ ಬರೆಯಬೇಕು. ಈ ಎರಡು ಬಿಟ್ಟರೆ ಆಪರೇಟರುಗಳಿಗೆ ನನ್ನಿಂದ ಬೇರೆ ಕಟ್ಟುಪಾಡಿಲ್ಲ.

ಅಂದಾಜುಪಟ್ಟಿಯಲ್ಲಿ ನೀರಿನ ಕೆಲಸವನ್ನು ಮೊದಲು ಬರೆಯುತ್ತೇನೆ, ತಟ್ಟು ಮಾಡುವುದನ್ನು ಆಮೇಲೆ. ಹಣ ಸಾಲದಿದ್ದರೆ ಅಂಗಳ ಸಣ್ಣದಾಗಲಿ, ಕಣಿ ಬಿಡುವುದು ಬೇಡ ಎನ್ನುತ್ತೇನೆ. ಕೆಲಸ ಮುಗಿದ ವರ್ಷದ ಮೊದಲ ದೊಡ್ಡ ಮಳೆಗೆ ಹಾರೆ ಹಿಡಿದು ಪುನಃ ಹೋಗುತ್ತೇನೆ. ಮಣ್ಣು ಕೂತು ವಾಟ ತಪ್ಪಿದ ಕಡೆ ಅರ್ಧ ಗಂಟೆಯ ಕೈಕೆಲಸ ಇರುತ್ತದೆ. ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಹಾರೆ ಹಿಡಿದ ನನ್ನನ್ನು ಕಂಡು ಪಕ್ಕದ ಮನೆಯವರು ಬೇಲಿಯ ಬಳಿ ಬಂದು, ನಮ್ಮ ಜಾಗವನ್ನೂ ಒಮ್ಮೆ ನೋಡುತ್ತೀರಾ ಎಂದು ಕೇಳುತ್ತಾರೆ. ಮಳೆ ಹೇಗೂ ಬರುತ್ತಿರುತ್ತದೆ, ಆಗಲೇ ಹೋಗಿ ನೋಡುತ್ತೇನೆ.